ಹಾಡಿಗೆ ಸೇರದ ಮಗು

ಕನ್ನಡ ಮಕ್ಕಳ ಸಾಹಿತ್ಯದ ಚರಿತ್ರೆಯನ್ನು ಬರೆಯಹೊರಟವನು ವಿಜಯಪುರ ಜಿಲ್ಲೆಯನ್ನು ಬದಿಗಿಟ್ಟು ಮುಂದೆ ಹೋಗಲಾರ. ಶಂ. ಗು. ಬಿರಾದಾರ, ಸಿಸು ಸಂಗಮೇಶ, ಶರಣಪ್ಪ ಕಂಚ್ಯಾಣಿ ಈ ಹೆಸರುಗಳನ್ನು ತೆಗೆದುಬಿಟ್ಟರೆ ಆ ಚರಿತ್ರೆಯ ಒಂದು ಮಗ್ಗುಲೇ ಬರಿದಾದೀತು. ಈ ಸೀಮೆಯ ಶಿಶುಗೀತೆಗೆ ಒಂದು ವಿಶೇಷ ಗುಣವಿದೆ. ಅದು ಓದುವುದಕ್ಕಿಂತ ಹೆಚ್ಚಾಗಿ ಕೂಡಿ ಹಾಡುವುದಕ್ಕೆ ಹುಟ್ಟಿದ್ದು. ಬಿರಾದಾರರ, ನಾಡಿಗೆಲ್ಲ ಬಾಯಿಪಾಠವಾಗಿರುವ ಗೀತೆ ‘ನಾವು’ ಎಂಬ ಶಬ್ದದಿಂದಲೇ ತೊಡಗುತ್ತದೆ. ಆ ಶಬ್ದ ಆಕಸ್ಮಿಕವಲ್ಲ. ಸಾಲಾಗಿ ನಿಂತ ಮಕ್ಕಳು, ಒಂದೇ ಕಾಲಕ್ಕೆ ಬೀಳುವ ಚಪ್ಪಾಳೆ, ಒಂದೇ ಉಸಿರಿಗೆ ಏರುವ ದನಿ, ಇವುಗಳ ಮೇಲೆ ನಿಂತ ಕಾವ್ಯ ಅದು. ಸ್ವಾತಂತ್ರ್ಯದ ಹೊಸತರಲ್ಲಿ, ಜಾತಿ ಕೇರಿಗಳಿಂದ ಬಂದ ಮಕ್ಕಳನ್ನು ಒಂದೇ ಚಾಪೆಯ ಮೇಲೆ ಕೂಡಿಸಬೇಕಾಗಿದ್ದಾಗ, ‘ನಾವು’ ಎಂದು ಹಾಡಿಸುವುದು ಸಣ್ಣ ಕೆಲಸವಾಗಿರಲಿಲ್ಲ.

ಆ ಋಣವನ್ನು ಒಪ್ಪಿಕೊಂಡೇ ಒಂದು ಪ್ರಶ್ನೆ ಕೇಳಬೇಕಾಗಿದೆ. ಚಪ್ಪಾಳೆಯ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಿಗೆ ಓಡುವ ಮಗುವಿಗೆ ಈ ‘ನಾವು’ ಎಂಬುದರಲ್ಲಿ ಸ್ಥಳವಿದೆಯೆ?

ನಮ್ಮ ಶಿಶುಸಾಹಿತ್ಯದಲ್ಲಿ ಒಬ್ಬನೇ ಆಡುವ ಮಗು ಅಪರೂಪ. ಇದ್ದರೂ ಅದಕ್ಕೆ ಕ್ಷೇಮವಿಲ್ಲ. ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’ಯಲ್ಲಿ ಒಬ್ಬನೇ ಮೆರೆಯುವ ಹುಡುಗನೊಬ್ಬನಿದ್ದಾನೆ; ಅವನ ಆಟ ಜಂಬವೆನಿಸಿಕೊಂಡು ಕೊನೆಗೆ ಶಾಸ್ತಿಯನ್ನು ಪಡೆಯುತ್ತದೆ. ಬ್ರೌನಿಂಗನ ಕವಿತೆಯನ್ನು ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಕನ್ನಡಕ್ಕೆ ಒಗ್ಗಿಸಿದರು. ಆ ಮೂಲ ಕಥೆಯಲ್ಲಿ ಊರ ಮಕ್ಕಳೆಲ್ಲ ಕೊಳಲಿನ ಹಿಂದೆ ಕುಣಿಯುತ್ತ ಹೋದಾಗ ಹೆಜ್ಜೆ ಹಾಕಲಾರದ ಒಬ್ಬ ಕುಂಟ ಬಾಲಕ ಮಾತ್ರ ಹಿಂದೆ ಉಳಿಯುತ್ತಾನೆ. ಕಾಲು ಕುಂಟಾದರೆ ಕಣ್ಣಿಗೆ ಕಾಣುತ್ತದೆ, ಕವಿಯೂ ಮರುಗುತ್ತಾನೆ. ಕಾಲು ಗಟ್ಟಿಯಿದ್ದು ಕುಣಿತಕ್ಕೆ ಬಾರದ ಮಗುವಿಗೆ ಸಿಗುವುದು ಮರುಕವಲ್ಲ, ‘ಹಟಮಾರಿ’ ಎಂಬ ಬಿರುದು.

ಇಂಥ ಮಕ್ಕಳಲ್ಲಿ ಕೆಲವರ ಸ್ಥಿತಿಗೆ ವೈದ್ಯರು ಆಟಿಸಂ ಎಂದು ಹೆಸರಿಟ್ಟಿದ್ದಾರೆ. ಕನ್ನಡದ ಅಧಿಕೃತ ಕಾಗದಗಳಲ್ಲಿ ಅದು ‘ಸ್ವಲೀನತೆ’. ಈ ಅನುವಾದದ ಬಗ್ಗೆ ಒಂದು ತಕರಾರಿದೆ. ಬಸವಣ್ಣ ಹುಟ್ಟಿದ ನೆಲದಲ್ಲಿ ‘ಲೀನ’ವಾಗುವುದು ದೊಡ್ಡ ಮಾತು, ಅದೇ ಶಬ್ದವನ್ನು ಮಗುವಿನ ಹಣೆಗೆ ಕೊರತೆಯ ಚೀಟಿಯಾಗಿ ಅಂಟಿಸಿದ್ದೇವೆ. ಅಷ್ಟಲ್ಲದೆ, ಆ ಮಗು ತನ್ನಲ್ಲಿ ತಾನು ಮುಳುಗಿದೆ ಎಂಬುದು ಹೊರಗೆ ನಿಂತವನ ಊಹೆ. ಅದು ಬಹಳ ಸಲ ಮುಳುಗಿರುವುದು ತನ್ನಲ್ಲಲ್ಲ, ಒಂದು ವಸ್ತುವಿನಲ್ಲಿ: ತಿರುಗುವ ಗಾಲಿಯಲ್ಲಿ, ಸಾಲು ಹಚ್ಚಿದ ಬಾಟಲಿ ಮುಚ್ಚಳಗಳಲ್ಲಿ, ಫ್ಯಾನಿನ ನೆರಳಿನಲ್ಲಿ. ನಾನಂತೂ ಇಲ್ಲಿ ಆಟಿಸಂ ಎಂದೇ ಬರೆಯುತ್ತೇನೆ. ಕನ್ನಡ ಅಕ್ಷರದಲ್ಲಿ ಬರೆದಾಗ ಅದರೊಳಗೆ ‘ಆಟ’ದ ಸುಳಿವೊಂದು ಕಾಣುವುದಕ್ಕೆ ಭಾಷಾಶಾಸ್ತ್ರದ ಆಧಾರವೇನೂ ಇಲ್ಲ, ಆದರೂ ಕಾಣುತ್ತದೆ, ಕಂಡರೆ ಕಾಣಲಿ.

ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರವನ್ನು ಬರೆದು ಈ ಸ್ಥಿತಿಯನ್ನು ಲೋಕದ ಮುಂದಿಟ್ಟ. ಅವರಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಮರದ ತುಂಡು, ಬಾಣಲೆ, ದುಂಡಗಿನದು ಏನು ಸಿಕ್ಕರೂ ಗಿರಗಿರನೆ ತಿರುಗಿಸಿ ಆನಂದಪಡುವುದು ಅವನ ಆಟವಾಗಿತ್ತು. ವೈದ್ಯಗ್ರಂಥದಲ್ಲಿ ಇದು ರೋಗಲಕ್ಷಣವಾಯಿತು. ನಮ್ಮ ಬಯಲುಸೀಮೆಯ ಓಣಿಯಲ್ಲಿ ದಾರ ಸುತ್ತಿ ಬಗರಿ ಬೀಸುವ ಹುಡುಗನೂ ತಿರುಗುವುದನ್ನು ನೋಡಿಯೇ ಅಲ್ಲವೆ ಸುಖಪಡುವುದು? ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಣ್ಣಿನ ಎತ್ತುಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಇಟ್ಟ ಮಗುವನ್ನು ಮುದ್ದಿಸುತ್ತೇವೆ. ಪಂಚಮಿಯ ಜೋಕಾಲಿಯಲ್ಲಿ ದೊಡ್ಡವರೂ ತೂಗಿಕೊಳ್ಳುತ್ತಾರೆ. ತಿರುಗುವುದು, ಸಾಲಿಡುವುದು, ತೂಗುವುದು ಮೂರೂ ನಮ್ಮ ಹಬ್ಬದ ಆಟಗಳೇ. ಹಬ್ಬ ಮುಗಿದ ಮರುದಿನವೂ, ಅದರ ಮರುದಿನವೂ ಅದನ್ನೇ ಆಡುವ ಮಗುವನ್ನು ಕಂಡಾಗ ನಮಗೆ ಕಸಿವಿಸಿಯಾಗುತ್ತದೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಮಾತು ಬಾರದಿರುವುದು, ನಿದ್ರೆ ಕೆಡುವುದು, ಸಣ್ಣ ಬದಲಾವಣೆಗೂ ತಲೆ ಚಚ್ಚಿಕೊಳ್ಳುವುದು ಇವು ತಾಯಿತಂದೆಗಳನ್ನು ಹಣ್ಣು ಮಾಡುವ ಸಂಗತಿಗಳು. ಆದರೆ ಅದು ಆಡುತ್ತಿರುವುದು ಆಟವೇ ಅಲ್ಲ ಎಂಬ ತೀರ್ಪು ತಪ್ಪು. ಶಾಲೆಯಲ್ಲಿ ಮುಂದಿನ ಎಲ್ಲ ತಪ್ಪುಗಳೂ ಅದರಿಂದಲೇ ಹುಟ್ಟುತ್ತವೆ.

ಈ ಮಾತಿಗೆ ನಮ್ಮ ರಾಜ್ಯದಲ್ಲೇ ಬೆಳೆದ ಒಬ್ಬ ಸಾಕ್ಷಿಯಿದ್ದಾನೆ. ಟಿಟೊ ರಾಜರ್ಷಿ ಮುಖೋಪಾಧ್ಯಾಯ ಮೈಸೂರು, ಬೆಂಗಳೂರುಗಳಲ್ಲಿ ಬಾಲ್ಯ ಕಳೆದವನು. ಹೆಚ್ಚುಕಡಮೆ ಮಾತೇ ಇಲ್ಲದವನು. ಅವನ ‘ಬಿಯಾಂಡ್ ದಿ ಸೈಲೆನ್ಸ್’ 2000ದಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ತಾನು ಗಿರಗಿರ ಸುತ್ತುತ್ತಿದ್ದುದು ಚದುರಿಹೋದಂತಿದ್ದ ಮೈಯನ್ನು ಒಂದುಗೂಡಿಸಿಕೊಳ್ಳುವುದಕ್ಕೆ ಎಂದು ಅವನು ಹೇಳಿಕೊಳ್ಳುತ್ತಾನೆ. ಅವನ ತಾಯಿ ರೂಪಿಸಿದ ಕಲಿಕೆಯ ವಿಧಾನವನ್ನು ಇತರ ಮಕ್ಕಳಿಗೆ ಬಳಸಕೂಡದೆಂದು ಅಮೆರಿಕದ ವಾಕ್–ಶ್ರವಣ ತಜ್ಞರ ಸಂಘ 2018ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಮಾತು ಮಗುವಿನದೋ ಸಹಾಯಕರದೋ ತಿಳಿಯದೆ ಹೋಗುವ ಅಪಾಯ ಅದರಲ್ಲಿದೆ. ಆದ್ದರಿಂದ ಈ ಪುಸ್ತಕವನ್ನು ವಿಧಾನದ ಪ್ರಮಾಣಪತ್ರವಾಗಿ ಓದುವುದು ಬೇಡ. ಆಟಕ್ಕೆ ಒಳಗಿನಿಂದ ಒಂದು ಕಾರಣವಿರಬಹುದು ಎಂಬ ಸೂಚನೆಯಾಗಿ ಓದಿದರೆ ಸಾಕು.

ಈಗ ಶಾಲೆಗೆ ಬರೋಣ. ಕೃಷ್ಣೆಯ ದಂಡೆಯ ಕೊಲ್ಹಾರವನ್ನೇ ತೆಗೆದುಕೊಳ್ಳಿ. ಮಣ್ಣಿನ ಗಡಿಗೆಯ ಗಟ್ಟಿ ಮೊಸರಿನಿಂದ ಹೆದ್ದಾರಿಯ ಪ್ರಯಾಣಿಕರಿಗೆಲ್ಲ ಪರಿಚಿತವಾದ ಊರು. ಬಸವನ ಬಾಗೇವಾಡಿಯಿಂದ ಬೇರ್ಪಟ್ಟು ಈಗ ತಾನೇ ಒಂದು ತಾಲೂಕಿನ ಕೇಂದ್ರ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟುಕೊಟ್ಟು ಹೊಸ ಜಾಗದಲ್ಲಿ ನೆಲೆ ನಿಂತ ಜನ. ದಿನವೂ ನಡೆಯುತ್ತಿದ್ದ ದಾರಿ ಒಂದು ದಿನ ಇಲ್ಲವಾದರೆ ಏನಾಗುತ್ತದೆಂದು ಅಲ್ಲಿಯ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಶಾಲೆಯ ಗಂಟೆ ಹೊತ್ತಿಗೆ ಮುಂಚೆ ಬಾರಿಸಿತೆಂದು, ಕೂಡುವ ಜಾಗ ಬದಲಾಯಿತೆಂದು ಕಿರುಚುವ ಮಗುವಿಗೂ ಅಂಥದೇ ಒಂದು ಊರು ಮುಳುಗಿರುತ್ತದೆ.

ಇಂಥ ಊರಿನ ಸರಕಾರಿ ಶಾಲೆಯ ಒಂದನೆಯ ತರಗತಿಯಲ್ಲಿ ಆಟಿಸಂ ಇರುವ ಒಬ್ಬ ಹುಡುಗಿ ಇದ್ದಾಳೆಂದು ಊಹಿಸಿಕೊಳ್ಳಿ. ಅವಳು ಬಂದು ಸೇರುವುದು ‘ನಲಿ–ಕಲಿ’ಯ ಕೋಣೆಗೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಮೊದಲಾಗಿ, ರಿಷಿ ವ್ಯಾಲಿಯ ಮಾದರಿಯಿಂದ ಪಾಠ ಕಲಿತು, 2009–10ರಿಂದ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹರಡಿದ ಪದ್ಧತಿ ಇದು. ಇದನ್ನೂ ಒಂದು ಕೃತಿಯಂತೆ ವಿಮರ್ಶಿಸಬಹುದು, ವಿಮರ್ಶಿಸಬೇಕು. ವಿಚಿತ್ರವೆಂದರೆ ಆಟಿಸಂ ಇರುವ ಮಗುವಿಗೆ ಬೇಕಾದುದು ಎಷ್ಟೋ ಇಲ್ಲಿ ಯಾರೂ ಉದ್ದೇಶಿಸದೆಯೇ ಬಂದು ಕೂತಿದೆ. ಕಲಿಕೆಯ ಏಣಿಯಲ್ಲಿ ಮೆಟ್ಟಿಲುಗಳ ಕ್ರಮ ತಪ್ಪುವುದಿಲ್ಲ. ಪ್ರತಿ ಕಾರ್ಡಿಗೂ ಒಂದು ಚಿತ್ರದ ಗುರುತು. ನಾಲ್ಕು ದಿನ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಕೈಗೆಟಕುವ ಎತ್ತರದಲ್ಲಿ ಗೋಡೆಗೆ ಕಪ್ಪು ಹಲಗೆ. ತನ್ನಷ್ಟಕ್ಕೆ ತಾನೇ ಕಲಿಯುವ ತಟ್ಟೆಯೂ ಒಂದಿದೆ. ಎಲ್ಲರೂ ಒಂದೇ ಪುಟಕ್ಕೆ ಬಂದಿರಬೇಕೆಂಬ ಹಳೆಯ ಶಾಲೆಗಿಂತ ಇದು ಎಷ್ಟೋ ಮೇಲು.

ಆದರೆ ‘ನಲಿ’ಯ ಭಾಗಕ್ಕೆ ಬಂದರೆ ಅದೇ ಹಳೆಯ ಕಲ್ಪನೆ. ನಲಿಯುವುದೆಂದರೆ ವೃತ್ತವಾಗಿ ನಿಂತು ಕುಣಿಯುವುದು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ತಗಡಿನ ಮಾಡು, ಹಾಡು, ಚಪ್ಪಾಳೆ. ಅವಳ ಕಿವಿಗೆ ಅದು ಸಂತೆಯಲ್ಲ, ಸಿಡಿಲು. ಅವಳು ಮೂಲೆಗೆ ಹೋಗಿ ಮುಚ್ಚಳಗಳನ್ನು ಸಾಲಿಡುತ್ತಾಳೆ. ಮಾಸ್ತರರು ಒಳ್ಳೆಯ ಮನಸ್ಸಿನಿಂದಲೇ ಕೈಹಿಡಿದು ವೃತ್ತಕ್ಕೆ ಎಳೆತರುತ್ತಾರೆ, ಅವಳು ಕಚ್ಚುತ್ತಾಳೆ, ಮುಚ್ಚಳಗಳು ಕಪಾಟಿಗೆ ಸೇರುತ್ತವೆ. ಅವಳಿಗೆ ಉಳಿದಿದ್ದ ಒಂದೇ ಬಾಗಿಲೂ ಮುಚ್ಚಿತು.

ಅದರ ಬದಲು ಏನು ಮಾಡಬಹುದು? ಇಲ್ಲಿ ಹೊರಗಿನ ಲೋಕದ ಅನುಭವ ನಮಗೆ ಉಪಯೋಗಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಕಾನಿ ಕಸಾರಿ ಎಂಬಾಕೆ ವರ್ಷಗಟ್ಟಲೆ ಕೆಲಸ ಮಾಡಿ ರೂಪಿಸಿದ ಕ್ರಮದ ತಿರುಳು ಹಳ್ಳಿಯ ಅಜ್ಜಿಗೂ ಅರ್ಥವಾಗುವಂಥದು. ಮಗುವನ್ನು ನಿಮ್ಮ ಆಟಕ್ಕೆ ಕರೆಯುವ ಮೊದಲು ನೀವು ಅದರ ಆಟಕ್ಕೆ ಹೋಗಿ. ಅವಳ ಎದುರಿಗೆ ಕೂತು, ನಿಮ್ಮದೇ ಮುಚ್ಚಳಗಳಿಂದ ಅವಳಂತೆಯೇ ಸಾಲು ಹಚ್ಚಿ. ಮಾತು ಕಡಮೆ. ಅವಳು ಒಂದಿಟ್ಟರೆ ನೀವೊಂದು. ಆಮೇಲೆ ಒಂದು ಸಲ ಕೈ ತಡೆದು ಸುಮ್ಮನೆ ಕಾಯಿರಿ. ಈ ಕಾಯುವುದೇ ಕಷ್ಟದ ಕೆಲಸ. ನಮ್ಮ ಶಿಕ್ಷಕರಿಗೆ ಯಾವ ತರಬೇತಿಯೂ ಮೌನವನ್ನು ಕಲಿಸುವುದಿಲ್ಲ. ಎಂದೋ ಒಂದು ದಿನ ಅವಳು ತಲೆಯೆತ್ತಿ ಮುಖ ನೋಡಿದರೆ, ಅಥವಾ ಒಂದು ಮುಚ್ಚಳವನ್ನು ನಿಮ್ಮ ಕಡೆ ತಳ್ಳಿದರೆ, ಅದು ಅವಳು ಆಡಿದ ಮೊದಲ ಮಾತು. ಮುಂದೆ ಆ ಸಾಲು ರೈಲಾಗಬಹುದು, ಎಣಿಕೆಯಾಗಬಹುದು, ಏಣಿಯ ಮೊದಲ ಮೆಟ್ಟಿಲಿನ ಕಾರ್ಡಾಗಬಹುದು. ಪಕ್ಕದ ಹುಡುಗನಿಗೂ ‘ಪಾಪ, ಅವಳನ್ನು ಆಡಿಸು’ ಎಂದು ಉಪದೇಶಿಸುವುದಕ್ಕಿಂತ ‘ಒಂದು ಇಟ್ಟು ತಡಿ’ ಎಂದು ಕಲಿಸುವುದು ಮೇಲು.

ಪಾಠದ ಹೊತ್ತಿಗಿಂತ ಆಟದ ಬಿಡುವು ಇಂಥ ಮಗುವಿಗೆ ಹೆಚ್ಚು ಕಠಿಣ ಎಂಬುದನ್ನು ನಮ್ಮವರು ಗಮನಿಸುವುದೇ ಇಲ್ಲ. ಪಾಠಕ್ಕೆ ಒಂದು ಕ್ರಮವಿದೆ, ಬಿಡುವಿಗೆ ಇಲ್ಲ. ಬೇವಿನ ಮರಕ್ಕೆ ಒಂದು ಜೋಕಾಲಿ, ನೆರಳಿಗೆ ಒಂದಿಷ್ಟು ಮರಳು, ಮುಂದೆ ಏನು ಬರಲಿದೆಯೆಂದು ತೋರಿಸುವ ನಾಲ್ಕು ಚಿತ್ರಗಳು: ಹಾಡು, ಹಾಲು, ಆಟ, ಮನೆ. ಇವಕ್ಕೆ ಮಂಜೂರಾತಿಯ ಕಾಗದ ವಿಜಯಪುರದಿಂದ ಬರಬೇಕಾಗಿಲ್ಲ.

ಡೇಮಿಯನ್ ಮಿಲ್ಟನ್ ಎಂಬ ಬ್ರಿಟಿಷ್ ವಿದ್ವಾಂಸ, ತಾನೂ ಆಟಿಸಂ ಉಳ್ಳವನು, 2012ರಲ್ಲಿ ಒಂದು ಮಾತೆತ್ತಿದ. ಪರಸ್ಪರ ತಿಳಿಯಲಾರದಿರುವುದು ಒಬ್ಬರ ಕುರುಡಲ್ಲ, ಇಬ್ಬರದೂ ಎಂದು. ವಿಮರ್ಶೆಯ ಭಾಷೆಯಲ್ಲಿ ಹೇಳುವುದಾದರೆ, ಕೃತಿ ಅರ್ಥವಾಗದಿದ್ದಾಗ ದೋಷ ಯಾವಾಗಲೂ ಕೃತಿಯದೇ ಎನ್ನುವ ವಾಚಕನಂತಾಗಿದೆ ನಮ್ಮ ಶಾಲೆ. ಇದಕ್ಕಿಂತ ಕೆಟ್ಟ ವಾಚಕರೂ ಆಗಿಹೋಗಿದ್ದಾರೆ: ತಾಯಿಯ ಮಮತೆ ತಣ್ಣಗಿದ್ದುದೇ ಆಟಿಸಮ್ಮಿಗೆ ಕಾರಣವೆಂದು 1967ರಲ್ಲಿ ಬ್ರೂನೊ ಬೆಟ್ಟಲ್‌ಹೈಮ್ ದೊಡ್ಡ ಗ್ರಂಥವನ್ನೇ ಬರೆದ. ಆ ವಾದ ಬಿದ್ದುಹೋಗಿ ಎಷ್ಟೋ ಕಾಲವಾಯಿತು. ನಮ್ಮ ಕಟ್ಟೆಗಳ ಮೇಲೆ ಮಾತ್ರ ಇನ್ನೂ ಕೂತಿದೆ.

ಮೂರು ತರಗತಿಗೆ ಒಬ್ಬರೇ ಇರುವ ಶಿಕ್ಷಕರು ಇದನ್ನೆಲ್ಲ ಯಾವಾಗ ಮಾಡಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ, ಅದಕ್ಕೆ ಪ್ರೀತಿ, ತ್ಯಾಗ ಎಂದು ಉತ್ತರ ಕೊಡುವುದು ವಂಚನೆ. 2016ರ ಅಂಗವಿಕಲರ ಹಕ್ಕುಗಳ ಕಾಯದೆ ಆಟಿಸಮ್ಮನ್ನು ಹೆಸರಿಸಿ, ಪ್ರತಿ ಮಗುವಿಗೂ ತಕ್ಕ ಬೆಂಬಲ ಕೊಡುವ ಹೊಣೆಯನ್ನು ಶಾಲೆಗಳ ಮೇಲೆ ಹೊರಿಸಿದೆ. ಆದರೆ ಮೈಸೂರಿನ ವಾಕ್–ಶ್ರವಣ ಸಂಸ್ಥೆ ಕೊಲ್ಹಾರಕ್ಕೆ ಒಂದು ಇಡೀ ರಾತ್ರಿಯ ದೂರ. ತಜ್ಞರಿಲ್ಲದ ಕಡೆ ಏನೂ ಸಾಧ್ಯವಿಲ್ಲವೆಂಬ ಮಾತೂ ಪೂರ್ತಿ ನಿಜವಲ್ಲ. ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ತಜ್ಞರಲ್ಲದ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅವರ ಮೂಲಕ ತಾಯಿತಂದೆಗಳಿಗೆ ಮಗುವಿನ ಹೆಜ್ಜೆಗೆ ಹೆಜ್ಜೆ ಹಾಕುವುದನ್ನು ಕಲಿಸಿದ ಒಂದು ಪ್ರಯೋಗದ ಫಲ 2016ರಲ್ಲಿ ಪ್ರಕಟವಾಯಿತು. ಮಕ್ಕಳು ತಾವಾಗಿ ಮಾತಿಗೆ ತೊಡಗುವುದು ಹೆಚ್ಚಿತ್ತು. ಇತ್ತ 2012ರ ತಿದ್ದುಪಡಿಯಿಂದ ತೀವ್ರ ಅಂಗವೈಕಲ್ಯದ ಮಕ್ಕಳಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕೂ ಇದೆ. ಹಕ್ಕು ಒಳ್ಳೆಯದೇ. ಹಾಜರಿ ಪುಸ್ತಕದಲ್ಲಿ ಹೆಸರು, ಮನೆಯ ಮೂಲೆಯಲ್ಲಿ ಮಗು ಎಂಬಂತೆ ಅದು ಬಳಕೆಯಾದರೆ ಮಾತ್ರ, ಹೊರಗಿಡುವುದಕ್ಕೆ ಒಂದು ಸಭ್ಯ ಹೆಸರು ಸಿಕ್ಕಂತಾಗುತ್ತದೆ.

ಆ ಮೊದಲನೆಯ ಡೊನಾಲ್ಡ್ ತನ್ನ ಸಣ್ಣ ಊರಾದ ಮಿಸಿಸಿಪ್ಪಿಯ ಫಾರೆಸ್ಟಿನಲ್ಲೇ ಶಾಲೆ ಕಲಿತು, ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡಿಕೊಂಡು 2023ರಲ್ಲಿ, 89ರ ವಯಸ್ಸಿನಲ್ಲಿ ತೀರಿಕೊಂಡ. ಊರು ಅವನನ್ನು ತನ್ನವನೆಂದೇ ಇಟ್ಟುಕೊಂಡಿತ್ತು. ಬ್ಯಾಂಕು ಮನೆತನಕ್ಕೆ ಸೇರಿದ್ದುದು ಅದಕ್ಕೆ ನೆರವಾಯಿತೆಂಬುದನ್ನೂ ಮುಚ್ಚಿಡಬೇಕಾಗಿಲ್ಲ.

ಕೊನೆಗೆ ಮತ್ತೆ ಪದ್ಯದ ಮಾತು. ಒಂದೇ ನುಡಿಯನ್ನು ಮತ್ತೆ ಮತ್ತೆ ಹೇಳುವ ಮಗುವನ್ನು ‘ಗಿಳಿಪಾಠ’ ಎಂದು ಗದರಿಸುತ್ತೇವೆ. ಶಿಶುಗೀತೆಯ ಜೀವವೂ ಮರಳಿ ಬರುವ ಪಲ್ಲವಿಯಲ್ಲೇ ಇದೆ. ವಿಜಯಪುರದ ಕವಿಗಳ ಕಸುಬೂ ಅದೇ. ಇಂಥ ಎಷ್ಟೋ ಮಕ್ಕಳು ಮಾತಾಡದಿದ್ದರೂ ಹಾಡಿನ ಸಾಲನ್ನು ಗುನುಗುವುದುಂಟು. ವೃತ್ತದಿಂದ ದೂರ, ಬಾಗಿಲ ಬಳಿ, ಚಪ್ಪಾಳೆಯಿಲ್ಲದೆ, ಮೆಲುದನಿಯಲ್ಲಿ ಅವಳಿಗೆ ಗೊತ್ತಿರುವ ಪದ್ಯವನ್ನೇ ಹಾಡುತ್ತ ಬಂದು ಸಾಲಿನ ಕೊನೆಯ ಒಂದು ಶಬ್ದವನ್ನು ಮಾಸ್ತರರು ಹೇಳದೆ ಬಿಟ್ಟು ನೋಡಲಿ. ಹತ್ತು ದಿನ ಅದು ಖಾಲಿಯಾಗಿಯೇ ಉಳಿದೀತು. ಹನ್ನೊಂದನೆಯ ದಿನವೂ ಅದೇ ಪದ್ಯ, ಅದೇ ತಡೆ. ಬೇರೆ ಪದ್ಯ ಬೇಡ.