ಪರವಾನಗಿಯ ಅಳತೆಗೋಲು: ಹಂಚಿಕೆಯ ಗಣಕಯಂತ್ರವನ್ನು ಕುರಿತ ಒಂದು ಲೇಖ್ಯದ ವಿಮರ್ಶೆ

ಒಂದೇ ಗಣಕಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವ ಕ್ರಮ ಹೊಸದೇನೂ ಅಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ 1961ರಲ್ಲಿಯೇ ಅದರ ಪ್ರಯೋಗ ನಡೆದಿತ್ತು. ಅಲ್ಪ ವೆಚ್ಚದಲ್ಲಿ ಪ್ರಯೋಗಾಲಯವನ್ನು ಕಟ್ಟಬೇಕಾದ ಗ್ರಾಮಾಂತರ ಕಾಲೇಜಿಗೆ ಇದು ಅನುಕೂಲವಾದ ಮಾರ್ಗ. ಆದರೆ ಯಂತ್ರವನ್ನು ಹಂಚಿಕೊಂಡ ಮಾತ್ರಕ್ಕೆ ತಂತ್ರಾಂಶದ ಹಕ್ಕು ಹಂಚಿಕೆಯಾಗುವುದಿಲ್ಲ. ಈ ಹಕ್ಕನ್ನು ನಿರೂಪಿಸುವ ಲೇಖ್ಯಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಸರ್ವರ್ ಪರವಾನಗಿಯು ಪ್ರಮುಖವಾದುದು. ಶಾಸನವನ್ನು ಓದುವ ಕ್ರಮದಲ್ಲಿಯೇ ಅದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ದಾನಶಾಸನದಲ್ಲಿ ನಾವು ಹುಡುಕುವುದು ಕೊಟ್ಟವರಾರು, ಪಡೆದವರಾರು, ಎಲ್ಲೆ ಯಾವುದು ಎಂಬ ಮೂರು ಸಂಗತಿಗಳನ್ನು. ಇಲ್ಲಿ ಕೊಟ್ಟದ್ದು ದಾನವಲ್ಲ, ಬಳಕೆಯ ಅನುಮತಿ ಮಾತ್ರ. ಒಡೆತನ ಸಂಸ್ಥೆಯಲ್ಲಿಯೇ ಉಳಿಯುತ್ತದೆ. ಎಲ್ಲೆಯನ್ನು ಗುರುತಿಸುವುದು ಎಣಿಕೆ. ಸರ್ವರಿನ ಪರವಾನಗಿಯೊಂದೇ ಸಾಲದು. ಅದನ್ನು ಪ್ರವೇಶಿಸುವ ಪ್ರತಿಯೊಬ್ಬ ವ್ಯಕ್ತಿಗೆ ಅಥವಾ ಪ್ರತಿಯೊಂದು ಸಾಧನಕ್ಕೆ 'ಕ್ಯಾಲ್' ಎಂಬ ಪ್ರವೇಶ ಪರವಾನಗಿ ಬೇಕು. ದೂರದ ತೆರೆಯಿಂದ ಕೆಲಸ ಮಾಡುವುದಾದರೆ ರಿಮೋಟ್ ಡೆಸ್ಕ್‌ಟಾಪ್ ಸೇವೆಯ ಮತ್ತೊಂದು ಕ್ಯಾಲ್ ಬೇಕು. ಬರವಣಿಗೆಯ ತಂತ್ರಾಂಶಕ್ಕೆ ಇನ್ನೊಂದು ಪರವಾನಗಿ. ಅವಶ್ಯವಾದ ಕ್ಯಾಲ್‌ಗಳಿಲ್ಲದೆ 120 ದಿನಗಳ ಕಾಲ ಸೇವೆ ನಡೆಯುವುದುಂಟು. ಅದನ್ನು ಶಾಶ್ವತ ಹಕ್ಕೆಂದು ಭ್ರಮಿಸಬಾರದು.

ಇಲ್ಲಿ ಬೆಲೆಗಿಂತಲೂ ಅಳತೆಗೋಲು ಮುಖ್ಯವೆಂಬುದು ನಮ್ಮ ವಾದ. ಕಂದಾಯದ ಇತಿಹಾಸವನ್ನು ಬಲ್ಲವರಿಗೆ, ದರ ಒಂದೇ ಆದರೂ ಕೊಳಗ ದೊಡ್ಡದಾದರೆ ಹೊರೆ ಹೆಚ್ಚುವುದೆಂದು ತಿಳಿದಿದೆ. ಕಾಲೇಜೊಂದರಲ್ಲಿ 20 ಆಸನಗಳಿದ್ದು, 240 ವಿದ್ಯಾರ್ಥಿಗಳು ತಂಡತಂಡವಾಗಿ ಕಲಿಯುವರೆಂದು ಭಾವಿಸೋಣ. ವ್ಯಕ್ತಿಯನ್ನು ಎಣಿಸಿದರೆ 240 ಕ್ಯಾಲ್‌ಗಳು ಬೇಕು. ಸಾಧನವನ್ನು ಎಣಿಸಿದರೆ 20 ಸಾಕು. ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದ ಹೊಗೆಸೊಪ್ಪಿನ ಬೆಳೆಗಾರನಿಗೆ ಈ ಭೇದ ಅಪರಿಚಿತವಲ್ಲ. ತಂಬಾಕು ಮಂಡಲಿಯ ಪರವಾನಗಿ ಬ್ಯಾರನ್ನಿಗೆ ಅಂಟಿಕೊಂಡಿರುತ್ತದೆಯೇ ಹೊರತು, ಅಲ್ಲಿ ಸೊಪ್ಪು ಕಟ್ಟುವ ಕೈಗಳನ್ನು ಎಣಿಸುವುದಿಲ್ಲ.

ಆದರೆ ಅದೇ 240 ಮಂದಿ ತಮ್ಮ ತಮ್ಮ ಮೊಬೈಲುಗಳಿಂದ, ಮನೆಗಳಿಂದ ಸರ್ವರನ್ನು ಪ್ರವೇಶಿಸಲು ತೊಡಗಿದೊಡನೆ ಸಾಧನದ ಎಣಿಕೆಯೂ 240ಕ್ಕೆ ಏರುತ್ತದೆ. ವಾಸ್ತವವಾಗಿ ಒಂದು ಕ್ಷಣದಲ್ಲಿ ಕೆಲಸ ಮಾಡುತ್ತಿರುವವರು 20 ಮಂದಿಯೇ ಆಗಿರಬಹುದು. ಏಕಕಾಲದ ಬಳಕೆಯೆಂಬ ಈ ಮೂರನೆಯ ಅಳತೆಗೆ ರಿಮೋಟ್ ಡೆಸ್ಕ್‌ಟಾಪ್ ಸೇವೆಯ ಕ್ಯಾಲ್‌ನಲ್ಲಿ ಎಡೆಯಿಲ್ಲ. ಇದೇ ಅದರ ಮುಖ್ಯ ದೋಷ. ಒಬ್ಬ ನೌಕರ, ಒಂದು ಮೇಜು ಎಂಬ ಕಚೇರಿಯ ಕಲ್ಪನೆಯಿಂದ ಹುಟ್ಟಿದ ಅಳತೆ ಸರದಿಯಲ್ಲಿ ಕಲಿಯುವ ಶಾಲೆಗೆ ಹೊಂದುವುದಿಲ್ಲ. ತರಗತಿಗೆಂದೇ 2010ರಲ್ಲಿ ಹೊರಬಂದ ಮಲ್ಟಿಪಾಯಿಂಟ್ ಸರ್ವರ್, ವಿಂಡೋಸ್ ಸರ್ವರ್ 2016ರಲ್ಲಿ ಒಂದು ಅಂಗವಾಗಿ ಸೇರಿ, 2019ರ ಆವೃತ್ತಿಯಲ್ಲಿ ಕಾಣೆಯಾಯಿತು.

ಎರಡನೆಯ ದೋಷ ಭಾಷೆಯದು. ನಮ್ಮ ಅನೇಕ ತಾಮ್ರಶಾಸನಗಳಲ್ಲಿ ಪ್ರಶಸ್ತಿ ಸಂಸ್ಕೃತದಲ್ಲಿದ್ದರೂ ಎಲ್ಲೆಗಳ ವಿವರ ಕನ್ನಡದಲ್ಲಿದೆ. ಏಕೆಂದರೆ ಎಲ್ಲೆಯನ್ನು ಊರಿನವರು ತಿಳಿಯಬೇಕಾಗಿತ್ತು. ಇಲ್ಲಿ ಎಲ್ಲೆಯೇ ಅತ್ಯಂತ ದುರ್ಗಮವಾದ ಭಾಗ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಸೇರಿದ 63-ಬಿ ವಿಧಿಯು, ಅಕ್ರಮ ಪ್ರತಿಯನ್ನು ತಿಳಿದೂ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸವನ್ನೂ, 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುತ್ತದೆ. ವ್ಯಾಪಾರದ ಲಾಭಕ್ಕಲ್ಲದ ಬಳಕೆಯಲ್ಲಿ ಸೆರೆವಾಸವನ್ನು ಬಿಡಲು ನ್ಯಾಯಾಲಯಕ್ಕೆ ಅವಕಾಶವಿದೆ. ಎಣಿಕೆ ಮೀರಿದ ಬಳಕೆಯೆಲ್ಲ ಈ ವಿಧಿಗೆ ಒಳಪಡುವುದೆಂದು ನಾವು ಹೇಳುವುದಿಲ್ಲ. ಆದರೆ ಕಾಯಿದೆ ಇಷ್ಟು ಕಠಿಣವಾಗಿರುವಲ್ಲಿ ಎಲ್ಲೆಕಲ್ಲು ಅಸ್ಪಷ್ಟವಾಗಿರುವುದು ನ್ಯಾಯವಲ್ಲ.

ಇದಕ್ಕೆ ಪ್ರತಿಯಾದ ಉದಾಹರಣೆ ಗಡಿಯಾಚೆಯೇ ಇದೆ. ಕೇರಳ ಸರ್ಕಾರವು ತನ್ನ ಶಾಲೆಗಳಿಗಾಗಿ ಸ್ವತಂತ್ರ ತಂತ್ರಾಂಶವನ್ನು ಆರಿಸಿಕೊಂಡಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಆ ವ್ಯವಸ್ಥೆಯಲ್ಲಿಯೇ ಸೇರಿವೆ. ಜಿ.ಪಿ.ಎಲ್. ಎಂಬ ಸ್ವತಂತ್ರ ಪರವಾನಗಿಯು ಬಳಸುವವರನ್ನು ಎಣಿಸುವುದಿಲ್ಲ. ಆದರೆ ಎಣಿಕೆಯ ಹೊರೆ ಇಳಿದಲ್ಲಿ ಶಿಕ್ಷಕರನ್ನು ತರಬೇತುಗೊಳಿಸುವ ಹೊರೆ ಏರುತ್ತದೆ; ಅದನ್ನು ಹೊರುವ ಸಂಕಲ್ಪವಿಲ್ಲದೆ ಆ ಮಾರ್ಗವನ್ನು ಹೊಗಳುವುದು ವ್ಯರ್ಥ.

ಆದುದರಿಂದ ಯಂತ್ರವನ್ನು ಕೊಳ್ಳುವ ಮೊದಲೇ ಆಸನಗಳೆಷ್ಟು, ವಿದ್ಯಾರ್ಥಿಗಳೆಷ್ಟು, ಹೊರಗಿನ ಪ್ರವೇಶವುಂಟೇ ಎಂಬುದನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳುವುದು ಪ್ರತಿ ಕಾಲೇಜಿನ ಕರ್ತವ್ಯ. ಅಳತೆಗೋಲು ಮಾರುವವನ ಕೈಯಲ್ಲಿಯೇ ಇರುವ ತನಕ, ಎಣಿಕೆಯಾದರೂ ಕೊಳ್ಳುವವನ ಕೈಯಲ್ಲಿರಬೇಕು.