ನ್ಯಾನೋಕಣಗಳೂ ಕರಾವಳಿಯ ಕೊರೆತವೂ: ಒಂದು ವಿಮರ್ಶೆ

ನೆಲವನ್ನು ಕೊರೆಯುವಾಗ ಕುಳಿಯ ಗೋಡೆ ಕುಸಿಯದಂತೆ ತಡೆಯಲು ಬೆಂಟೊನೈಟ್ ಜೇಡಿಯನ್ನು ನೀರಿನಲ್ಲಿ ಕದಡಿ ಬಳಸುವ ರೂಢಿಯುಂಟು. ಈ ದ್ರವಕ್ಕೆ ನ್ಯಾನೋಕಣಗಳನ್ನು ಬೆರೆಸಿದರೆ ಅದರ ಗುಣ ಹೆಚ್ಚುವುದೆಂಬ ವಾದವು ಇಂದು ಪ್ರಬಲವಾಗಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನೆಲಕ್ಕೆ ಅದು ಎಷ್ಟರಮಟ್ಟಿಗೆ ಸಲ್ಲುವುದೆಂಬುದೇ ಇಲ್ಲಿಯ ಪ್ರಶ್ನೆ.

ವಾದಕ್ಕೆ ಆಧಾರವಿಲ್ಲವೆನ್ನಲಾಗದು. ತೈಲಬಾವಿಗಳಲ್ಲಿ ಎದುರಾಗುವ ಶೇಲ್ ಶಿಲೆಯ ರಂಧ್ರಗಳು ಅತಿ ಸೂಕ್ಷ್ಮವಾದವು. ಬೆಂಟೊನೈಟಿನ ಕಣಗಳು ಅವುಗಳೊಳಗೆ ಹೋಗಲಾರವು. ಸುಮಾರು 20 ನ್ಯಾನೋಮೀಟರಿನ ಸಿಲಿಕಾಕಣಗಳು ಆ ರಂಧ್ರಗಳನ್ನು ಮುಚ್ಚಿ ನೀರಿನ ಪ್ರವೇಶವನ್ನು ತಗ್ಗಿಸುತ್ತವೆಂದು ಸೆನ್ಸಾಯ್, ಚೆನೆವರ್ಟ್ ಮತ್ತು ಶರ್ಮಾ 2009ರಲ್ಲಿ ತೋರಿಸಿದರು. ಶಿಲೆಯ ಮೇಲೆಯೇ ಪರೀಕ್ಷಿಸಿದ್ದು ಆ ಕಾರ್ಯದ ಹಿರಿಮೆ.

ಆದರೆ ಸಾಮಾನ್ಯ ಸೋಸುಪರೀಕ್ಷೆಯ ಮಾತು ಬೇರೆ. ಅದರಲ್ಲಿ ದ್ರವವನ್ನು 30 ನಿಮಿಷಗಳ ಕಾಲ ಒತ್ತಡದಿಂದ ಕಾಗದದ ಮೂಲಕ ಸೋಸಲಾಗುತ್ತದೆ. ಆ ಕಾಗದದ ರಂಧ್ರಗಳು ಮೇಲೆ ಹೇಳಿದ ಕಣಗಳಿಗಿಂತ ಸುಮಾರು ನೂರು ಪಟ್ಟು ದೊಡ್ಡವು. ಅಲ್ಲಿ ನೀರಿನ ಸೋರಿಕೆ ಕಡಿಮೆಯಾದರೆ, ಕಾಗದದ ಮೇಲೆ ಕೂಡುವ ಜೇಡಿಪದರ ಬಿಗಿಯಾಯಿತೆನ್ನಬಹುದು, ಶಿಲಾರಂಧ್ರ ಮುಚ್ಚಿತೆನ್ನಲಾಗದು. ಈ ಭೇದವನ್ನು ಮರೆತ ತೀರ್ಮಾನವು ತರ್ಕಕ್ಕೆ ನಿಲ್ಲದು.

ಇನ್ನು ನಮ್ಮ ನೆಲ. ಇಲ್ಲಿ ಸಾಮಾನ್ಯವಾಗಿ ಮೇಲೆ ಮುರಕಲ್ಲು, ಅದರಡಿ ಶೇಡಿಮಣ್ಣು, ಅದಕ್ಕೂ ಕೆಳಗೆ ಗಟ್ಟಿಶಿಲೆ. ಒಣಗಿದಾಗ ಗಟ್ಟಿಯಾಗಿರುವ ಶೇಡಿಯು ನೀರುಂಡೊಡನೆ ಬಲಗುಂದುತ್ತದೆ. ಅದು ಶೇಲ್ ಅಲ್ಲ. ಕೊಳವೆಬಾವಿಗಳಲ್ಲಿ ಈ ಸಡಿಲಭಾಗಕ್ಕೆ ಕೇಸಿಂಗ್ ಪೈಪನ್ನು ಇಳಿಸಿ, ಶಿಲೆಯನ್ನು ಗಾಳಿಯ ಒತ್ತಡದ ಯಂತ್ರದಿಂದ ಕೊರೆಯುವುದೇ ವಾಡಿಕೆ. ಆದುದರಿಂದ ಅಲ್ಲಿ ನ್ಯಾನೋದ್ರವಕ್ಕೆ ಹೆಚ್ಚಿನ ಕೆಲಸವಿಲ್ಲ. ಅದರ ನಿಜವಾದ ಪರೀಕ್ಷಾಸ್ಥಳವು ಹೊಳೆ ಅಳಿವೆಗಳ ಸೇತುವೆಗಾಗಿ ಪೈಲ್ ಕೊರೆಯುವ ಜಾಗ.

ಅಲ್ಲಿಯ ತೊಡಕು ಉಪ್ಪು. ಪಂಚಗಂಗಾವಳಿಯು ಗಂಗೊಳ್ಳಿಯಲ್ಲಿ ಕಡಲನ್ನು ಸೇರುವೆಡೆ, ಮಳೆಗಾಲ ಕಳೆದ ಮೇಲೆ ಉಬ್ಬರದೊಡನೆ ಉಪ್ಪುನೀರು ಒಳಕ್ಕೇರುತ್ತದೆ. ಲವಣವು ಜೇಡಿಕಣಗಳ ಪರಸ್ಪರ ವಿಕರ್ಷಣೆಯನ್ನು ಕುಗ್ಗಿಸುವುದರಿಂದ ಅವು ಮುದ್ದೆಗಟ್ಟುತ್ತವೆ. ರಕ್ಷಣೆಯ ಲೇಪವಿಲ್ಲದ ನ್ಯಾನೋಕಣಗಳಿಗೂ ಇದೇ ಗತಿ. ಮುದ್ದೆಗಟ್ಟಿದ ನ್ಯಾನೋಕಣವು ನ್ಯಾನೋಕಣವಾಗಿ ಉಳಿಯದು. ಬಟ್ಟಿಯಿಳಿಸಿದ ನೀರಿನಲ್ಲಿ ದೊರೆತ ಫಲವು ಬೇಸಗೆಯ ಅಳಿವೆಗೆ ಸಾಕ್ಷಿಯಾಗಲಾರದು.

ಭಾರತೀಯ ಮಾನಕ 2911 ಪೈಲ್ ಕೊರೆತದ ಬೆಂಟೊನೈಟ್ ದ್ರವಕ್ಕೆ ಸಾಂದ್ರತೆ, ಸ್ನಿಗ್ಧತೆ, ಕ್ಷಾರತೆಗಳ ಮಿತಿಯನ್ನು ವಿಧಿಸಿದೆ. ಸಿಹಿನೀರಿನಲ್ಲಿ ಜೇಡಿಯನ್ನು ಮೊದಲೇ ನೆನೆಸುವುದು, ಮರಳನ್ನು ತೆಗೆಯುವುದು, ಪಿಷ್ಟ ಬೆರೆಸುವುದು—ಈ ಅಗ್ಗದ ಉಪಾಯಗಳನ್ನು ನ್ಯಾನೋಕಣವು ಮೀರಿಸಿದಲ್ಲಿ ಮಾತ್ರ ಅದಕ್ಕೆ ಬೆಲೆ. ಮನೆಮನೆಯ ಅಂಗಳದಲ್ಲಿ ಕುಡಿಯುವ ನೀರಿನ ಬಾವಿಯಿರುವ ಈ ಸೀಮೆಯಲ್ಲಿ, ಬಳಸಿ ಚೆಲ್ಲಿದ ದ್ರವ ಎಲ್ಲಿ ಸೇರುವುದೆಂಬುದನ್ನೂ ಕೇಳಲೇಬೇಕು.

ಈ ವಿಷಯವನ್ನೆತ್ತಿಕೊಳ್ಳುವ ವಿದ್ಯಾರ್ಥಿಯು ಶೇಡಿಯನ್ನೂ, ಗಂಗೊಳ್ಳಿಯ ಏಪ್ರಿಲ್ ಮತ್ತು ಆಗಸ್ಟ್ ತಿಂಗಳ ನೀರನ್ನೂ ತಂದು, ಬರಿಯ ಬೆಂಟೊನೈಟ್, ಪಿಷ್ಟ ಬೆರೆತದ್ದು, ನ್ಯಾನೋಕಣ ಬೆರೆತದ್ದು—ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿ. ಅಲ್ಲಿಯವರೆಗೆ ‘ಸುಧಾರಣೆ’ ಎಂಬ ಮಾತನ್ನು ಈ ನೆಲದ ಮಟ್ಟಿಗೆ ಹಿಡಿದಿಡುವುದೇ ಲೇಸು.