ವೆಚ್ಚದಲ್ಲಿ ಔಚಿತ್ಯ

ಕವಿಗೆ ಕಾಗದ, ಲೇಖನಿಗಳಿದ್ದರೆ ಸಾಕು. ಬರೆದದ್ದು ಹಿಡಿಸದೆಹೋದರೆ ಹರಿದೆಸೆಯಬಹುದು, ನಷ್ಟ ಅವನೊಬ್ಬನದೇ. ಚಲಚ್ಚಿತ್ರ ನಿರ್ದೇಶಕನ ಪಾಡು ಹಾಗಲ್ಲ. ಅವನ ಮನಸ್ಸಿನಲ್ಲಿ ಮೂಡಿದ ಒಂದು ಮಳೆಯ ಸಂಜೆ ತೆರೆಯ ಮೇಲೆ ಬರಬೇಕಾದರೆ ನೂರಾರು ಜನರ ದುಡಿಮೆ ಬೇಕು, ಮತ್ತೊಬ್ಬರ ಹಣ ಬೇಕು. ವಾಸ್ತುಶಿಲ್ಪವೊಂದನ್ನು ಬಿಟ್ಟರೆ ಇಷ್ಟೊಂದು ಪರರ ಹಂಗಿನಲ್ಲಿ ನಿಂತ ಕಲೆ ಬೇರೊಂದಿಲ್ಲ. ಆದ್ದರಿಂದಲೇ ಇತರ ಕಲೆಗಳಲ್ಲಿ ಏಳದ ಒಂದು ಪ್ರಶ್ನೆ ಇಲ್ಲಿ ಮತ್ತೆ ಮತ್ತೆ ಏಳುತ್ತದೆ: ಹೆಸರಾಂತ ನಿರ್ದೇಶಕನೆಂಬ ಒಂದೇ ಕಾರಣಕ್ಕೆ ಅವನ ಕೈಗೆ ಕೋಟಿಗಟ್ಟಲೆ ಹಣ ಸುರಿಯುವುದು ನ್ಯಾಯವೇ?

ಇದಕ್ಕೆ ಎರಡು ಸಿದ್ಧ ಉತ್ತರಗಳುಂಟು. ಲಾಭ ಬಂದರೆ ನ್ಯಾಯ, ಬಾರದಿದ್ದರೆ ಅನ್ಯಾಯ ಎಂಬುದು ವ್ಯಾಪಾರಿಯ ಉತ್ತರ. ಪ್ರತಿಭೆಗೆ ಬೆಲೆ ಕಟ್ಟಬಾರದು, ಕೇಳಿದಷ್ಟು ಕೊಡಬೇಕು ಎಂಬುದು ಅಭಿಮಾನಿಯ ಉತ್ತರ. ಮೊದಲನೆಯದು ಕಲೆಯನ್ನು ತಿಳಿಯದ ಮಾತು; ಎರಡನೆಯದು ಲೋಕವನ್ನು ತಿಳಿಯದ ಮಾತು. ಎರಡನ್ನೂ ಬದಿಗಿಟ್ಟು, ನಡೆದುಹೋದ ಕೆಲವು ನಿದರ್ಶನಗಳನ್ನು ನೋಡುವುದು ಒಳ್ಳೆಯದು.

ಈ ವಾದದಲ್ಲಿ ತಪ್ಪದೆ ಬರುವ ಹೆಸರು ಅಮೆರಿಕದ ಮೈಕೆಲ್ ಚಿಮೀನೊ ಅವರದು. ಅವರ ‘ದಿ ಡೀರ್ ಹಂಟರ್’ (೧೯೭೮) ೧೯೭೯ರ ಏಪ್ರಿಲಿನಲ್ಲಿ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶನಗಳೂ ಸೇರಿ ಐದು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಅದೇ ತಿಂಗಳಲ್ಲಿ ಮೊಂಟಾನಾದ ಬೆಟ್ಟಗಳ ನಡುವೆ ಅವರ ಮುಂದಿನ ಚಿತ್ರ ‘ಹೆವನ್ಸ್ ಗೇಟ್’ನ ಚಿತ್ರೀಕರಣ ಮೊದಲಾಯಿತು. ೧೮೯೨ರಲ್ಲಿ ವಯೋಮಿಂಗಿನ ದನದ ಹಿಂಡುಗಳ ಒಡೆಯರು ಬಾಡಿಗೆ ಬಂಟರನ್ನು ಕಟ್ಟಿಕೊಂಡು ಬಡ ವಲಸೆಗಾರರ ಮೇಲೆ ಎರಗಿದ ಪ್ರಸಂಗ ಅದರ ವಸ್ತು. ಬಂಡವಾಳ ಹಾಕಿದ್ದು ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ. ೧೯೧೯ರಲ್ಲಿ ಚಾಪ್ಲಿನ್, ಗ್ರಿಫಿತ್, ಮೇರಿ ಪಿಕ್‌ಫರ್ಡ್, ಫೇರ್‌ಬ್ಯಾಂಕ್ಸ್ ಎಂಬ ನಾಲ್ವರು ಕಲಾವಿದರು ಸೇರಿ ಕಟ್ಟಿದ ಸಂಸ್ಥೆ ಅದು.

ಹಾಕಿದ್ದ ಅಂದಾಜು ೧ ಕೋಟಿ ೧೬ ಲಕ್ಷ ಡಾಲರು. ಮುಗಿಯುವ ಹೊತ್ತಿಗೆ ಆದ ವೆಚ್ಚ ಸುಮಾರು ೪ ಕೋಟಿ ೪೦ ಲಕ್ಷ. ಸುತ್ತಿದ ಫಿಲ್ಮು ೧೩ ಲಕ್ಷ ಅಡಿಗೂ ಹೆಚ್ಚು. ಒಂದು ಬೀದಿಯನ್ನು ಕಟ್ಟಿಸಿ, ಅಗಲ ಸಾಲದೆಂದು ಎರಡು ಬದಿಯ ಮನೆಗಳನ್ನೂ ಕೀಳಿಸಿ ಮತ್ತೆ ಕಟ್ಟಿಸಿದರೆಂದೂ, ಮನಸ್ಸಿಗೆ ಒಪ್ಪುವ ಮೋಡ ಬರುವವರೆಗೆ ತಂಡವನ್ನೆಲ್ಲ ಕಾಯಿಸಿದರೆಂದೂ ಹೇಳುತ್ತಾರೆ. ೧೯೮೦ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡಾಗ ಅದರ ಉದ್ದ ಮೂರು ಗಂಟೆ ಮೂವತ್ತೊಂಬತ್ತು ನಿಮಿಷ. ವಿಮರ್ಶಕರು ಹರಿದುಹಾಕಿದರು, ಕೆಲವೇ ದಿನಗಳಲ್ಲಿ ಚಿತ್ರವನ್ನು ಹಿಂದಕ್ಕೆ ಪಡೆಯಬೇಕಾಯಿತು. ಕತ್ತರಿಸಿ ಮರುವರ್ಷ ಮತ್ತೆ ಬಿಟ್ಟರೂ ಬಂದದ್ದು ಸುಮಾರು ೩೫ ಲಕ್ಷ ಡಾಲರು ಮಾತ್ರ. ೧೯೮೧ರಲ್ಲಿ ಒಡೆಯರು ಯುನೈಟೆಡ್ ಆರ್ಟಿಸ್ಟ್ಸ್ ಅನ್ನು ಎಂಜಿಎಂ ಸಂಸ್ಥೆಗೆ ಮಾರಿಬಿಟ್ಟರು.

ಹಾಗಾದರೆ ಚಿತ್ರ ಕೆಟ್ಟದ್ದೇ? ಹಾಗೆಂದು ಹೇಳಲು ನಾಲಿಗೆ ಏಳುವುದಿಲ್ಲ. ಹಳ್ಳಿಯ ದೊಡ್ಡ ಹಜಾರದಲ್ಲಿ ವಲಸೆಗಾರರು ಗಾಲಿಯ ಮೆಟ್ಟುಗಳನ್ನು ಕಟ್ಟಿಕೊಂಡು ಪಿಟೀಲಿನ ನಾದಕ್ಕೆ ಸುತ್ತುವ ದೃಶ್ಯವನ್ನು ಕಂಡವರು ಮರೆಯಲಾರರು. ಕಿಟಕಿಗಳಿಂದ ಇಳಿದುಬರುವ ಧೂಳು ತುಂಬಿದ ಬೆಳಕೇ ಅಲ್ಲಿ ಒಂದು ಪಾತ್ರ. ೨೦೧೨ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಸರಿಪಡಿಸಿದ ಪ್ರತಿಯನ್ನು ತೋರಿಸಿದ ಮೇಲೆ, ಹಿಂದೆ ಹಳಿದದ್ದು ಅತಿಯಾಯಿತೆಂದವರು ಬಹಳ ಮಂದಿ. ಆದರೆ ಅದೇ ಚಿತ್ರದ ಆರಂಭದಲ್ಲಿ ಹಾರ್ವರ್ಡ್ ವಿದ್ಯಾಲಯದ ಘಟಿಕೋತ್ಸವವೊಂದಿದೆ. ಅದನ್ನು ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋಗಿ ತೆಗೆದರು. ಅಲ್ಲಿನ ನೃತ್ಯ ಸುತ್ತುತ್ತದೆ, ಇನ್ನೂ ಸುತ್ತುತ್ತದೆ. ಕಥೆ ಮಾತ್ರ ಬಾಗಿಲಲ್ಲೇ ನಿಂತಿರುತ್ತದೆ. ಬಡವರ ಪರ ನಿಂತ ಈ ಚಿತ್ರದಲ್ಲಿ ಬಡವರು ಬಹುಮಟ್ಟಿಗೆ ಗುಂಪಾಗಿಯೇ ಉಳಿಯುತ್ತಾರೆ. ಅವರ ಬಂಡಿ, ಬಟ್ಟೆ, ಒಲೆ, ಹೊಗೆ ಎಲ್ಲವೂ ಅಚ್ಚುಕಟ್ಟು. ಹೆಸರಿಟ್ಟು ಕರೆಯಬಹುದಾದ ಮುಖಗಳು ಕೆಲವೇ. ಹಣ ವಸ್ತುಗಳನ್ನು ತಂದಿತು, ಮನುಷ್ಯರನ್ನು ತರಲಿಲ್ಲ.

ತಪ್ಪು ಎಲ್ಲಿ ಆಯಿತೆಂಬುದಕ್ಕೆ ಇಲ್ಲಿ ಸುಳಿವಿದೆ. ಸಂಸ್ಥೆಯವರು ಹಣವನ್ನು ಚಿತ್ರದ ಅವಶ್ಯಕತೆಗೆಂದು ಕೊಡುತ್ತ ಹೋಗಲಿಲ್ಲ. ಕಳೆದ ಚಿತ್ರದ ಕೀರ್ತಿಗೆ ಕಾಣಿಕೆಯಾಗಿ ಕೊಡುತ್ತ ಹೋದರು. ಐದು ಪ್ರಶಸ್ತಿಗಳನ್ನು ಹೊತ್ತು ಬಂದವನಿಗೆ ‘ಈ ಬೀದಿ ಏತಕ್ಕೆ?’ ಎಂದು ಕೇಳುವ ಧೈರ್ಯ ಯಾರಿಗುಂಟು? ನಮ್ಮ ಸಭೆಗಳಲ್ಲಿ ಹಿರಿಯರಿಗೆ ಶಾಲು ಹೊದಿಸಿ ಹಣ್ಣು ಕೊಡುತ್ತೇವೆ. ಅದು ಆದ ಕೆಲಸಕ್ಕೆ ಸಲ್ಲುವ ಗೌರವ. ಮುಂದೆ ಆಗಬೇಕಾದ ಕೆಲಸಕ್ಕೆ ಕೊಡುವ ಹಣ ಬೇರೆ ಜಾತಿಯದು. ಆ ಎರಡನ್ನೂ ಕಲಸಿದಲ್ಲಿ ಗೌರವವೂ ಕೆಡುತ್ತದೆ, ಕೆಲಸವೂ ಕೆಡುತ್ತದೆ.

ಮೋಡಕ್ಕಾಗಿ ಕಾದ ಮಾತು ಬಂದಾಗ, ಹೂವಿಗಾಗಿ ಕಾದ ಇನ್ನೊಬ್ಬರ ನೆನಪು ಸಹಜ. ‘ಪಥೇರ್ ಪಾಂಚಾಲಿ’ (೧೯೫೫) ತೆಗೆಯುವಾಗ ಸತ್ಯಜಿತ್ ರಾಯ್ ಅವರು ಮೊದಲು ಚಿತ್ರಿಸಿದ್ದು ಬೆಳ್ಳಗೆ ಅರಳಿದ ಕಾಶಹುಲ್ಲಿನ ಬಯಲನ್ನು. ಮುಂದಿನ ವಾರ ಹೋಗಿ ನೋಡಿದರೆ ದನಗಳು ಹೂವನ್ನೆಲ್ಲ ಮೇದುಬಿಟ್ಟಿದ್ದವು. ಮತ್ತೆ ಹೂವಿಗೆ ಒಂದು ವರ್ಷ ಕಾಯಬೇಕಾಯಿತು. ಹೆಂಡತಿಯ ಒಡವೆ ಒತ್ತೆಗೆ ಹೋಯಿತು. ಕೊನೆಗೆ ಪಶ್ಚಿಮ ಬಂಗಾಳದ ಸರ್ಕಾರ ಕೈಹಿಡಿದು, ಸುಮಾರು ಒಂದೂವರೆ ಲಕ್ಷ ರೂಪಾಯಿಯಲ್ಲಿ ಚಿತ್ರ ಮುಗಿಯಿತು. ಚಿಮೀನೊ ಕಾದದ್ದು ಸಿರಿತನದಿಂದ, ರಾಯ್ ಕಾದದ್ದು ಬಡತನದಿಂದ. ಆದರೆ ಆ ಹುಲ್ಲಿನ ನಡುವೆ ಅಪು, ದುರ್ಗಾ ರೈಲನ್ನು ಕಾಣುವ ಗಳಿಗೆಯಲ್ಲಿ ನಮ್ಮ ಕಣ್ಣು ನಿಲ್ಲುವುದು ಮಕ್ಕಳ ಮೇಲೆ, ಹೂವಿನ ಮೇಲಲ್ಲ.

ಇಷ್ಟರಿಂದ ‘ಬಡತನದಲ್ಲೇ ಕಲೆ ಹುಟ್ಟುವುದು’ ಎಂಬ ತೀರ್ಮಾನಕ್ಕೆ ಹಾರುವುದು ಸಲ್ಲದು. ಕನ್ನಡಿಗರಾದ ನಾವು ಇದನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ‘ಸಂಸ್ಕಾರ’ (೧೯೭೦), ‘ಚೋಮನ ದುಡಿ’ (೧೯೭೫), ‘ಘಟಶ್ರಾದ್ಧ’ (೧೯೭೭) ಮೂರೂ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದವು; ಮೂರೂ ಅಲ್ಪ ಬಂಡವಾಳದವು. ಆ ಹೆಮ್ಮೆಯಲ್ಲಿ, ಅಲ್ಪ ಬಂಡವಾಳವೇ ಸದ್ಗುಣವೆಂಬ ಭ್ರಮೆ ನಮ್ಮಲ್ಲಿ ಬೆಳೆದುಬಂದಿದೆ. ಹಣವಿಲ್ಲದೆ ಕೈಬಿಟ್ಟ ದೃಶ್ಯವನ್ನು ಸಂಯಮವೆಂದು ಕೊಂಡಾಡಿದ ವಿಮರ್ಶೆಯೂ ಉಂಟು. ಅಗ್ರಹಾರದ ಒಳಮನೆಯ ಕಥೆಗೆ ಅಲ್ಪ ಹಣ ಸಾಕಾಗಬಹುದು. ಒಂದು ರಾಜ್ಯವೇ ಕುಸಿಯುವ ಕಥೆಗೆ ಸಾಲದು.

ರಾಜ್ಯ ಕುಸಿಯುವ ಕಥೆಯೆಂದರೆ ಅಕಿರಾ ಕುರೊಸಾವಾ ಅವರ ‘ರಾನ್’ (೧೯೮೫). ಷೇಕ್ಸ್‌ಪಿಯರನ ಲಿಯರ್ ದೊರೆಯ ಕಥೆಯನ್ನು ಅವರು ಜಪಾನಿನ ಪಾಳೆಯಗಾರರ ಕಾಲಕ್ಕೆ ಒಗ್ಗಿಸಿಕೊಂಡರು. ಜಗತ್ತೇ ಹಿರಿಯನೆಂದು ಒಪ್ಪಿದ್ದ ಈ ನಿರ್ದೇಶಕನಿಗೆ ೧೯೭೦ರ ಬಳಿಕ ಸ್ವದೇಶದಲ್ಲಿ ಹಣ ಹುಟ್ಟುವುದೇ ಕಷ್ಟವಾಯಿತು. ೧೯೭೫ರ ಚಿತ್ರವನ್ನು ಸೋವಿಯತ್ ರಷ್ಯದಲ್ಲಿ ತೆಗೆದರು. ೧೯೮೦ರ ‘ಕಾಗೆಮುಷಾ’ಕ್ಕೆ ಅಮೆರಿಕದ ಲ್ಯೂಕಸ್, ಕೊಪೊಲಾ ಅವರು ಶಿಫಾರಸು ಮಾಡಬೇಕಾಯಿತು. ‘ರಾನ್’ಗೆ ಫ್ರಾನ್ಸಿನ ನಿರ್ಮಾಪಕ ಸೆರ್ಜ್ ಸಿಲ್ಬರ್‌ಮನ್ ಒದಗಿದರು. ಹಣ ಬರುವವರೆಗಿನ ವರ್ಷಗಳಲ್ಲಿ ಕುರೊಸಾವಾ ಸುಮ್ಮನೆ ಕೂರಲಿಲ್ಲ; ಚಿತ್ರದ ದೃಶ್ಯಗಳನ್ನು ಒಂದೊಂದಾಗಿ ಬಣ್ಣದಲ್ಲಿ ಬರೆದಿಟ್ಟರು. ಕೊನೆಗೆ ಆದ ವೆಚ್ಚ ಒಂದು ಕೋಟಿ ಡಾಲರಿಗೂ ಮಿಕ್ಕಿದ್ದು, ಜಪಾನಿನಲ್ಲಿ ಅಂದಿಗೆ ಎಲ್ಲಕ್ಕಿಂತ ದೊಡ್ಡ ಮೊತ್ತ.

ಆ ಹಣ ಎಲ್ಲಿ ಹೋಯಿತೆಂದು ಯಾರೂ ಕೇಳಬೇಕಾಗಿಲ್ಲ. ಫ್ಯೂಜಿ ಪರ್ವತದ ಇಳಿಜಾರಿನಲ್ಲಿ ಕೋಟೆಯೊಂದನ್ನು ಕಟ್ಟಿ ನಿಜವಾಗಿಯೇ ಸುಟ್ಟರು. ಮಕ್ಕಳ ಸೈನ್ಯ ಮುತ್ತಿ, ಪರಿವಾರವೆಲ್ಲ ಸತ್ತು, ಆ ಉರಿಯೊಳಗಿನಿಂದ ಮುದಿದೊರೆ ಬುದ್ಧಿ ಕಳೆದುಕೊಂಡವನಾಗಿ ಮೆಟ್ಟಿಲಿಳಿದು ಬರುತ್ತಾನೆ. ಮುತ್ತಿದ ಸೈನಿಕರೇ ಎರಡು ಕಡೆಗೂ ಸರಿದು ದಾರಿಬಿಡುತ್ತಾರೆ. ಸುಡುವ ಕೋಟೆ ಮತ್ತೆ ಕಟ್ಟಲಾರದ್ದು, ನಟ ಎಡವಿದರೆ ಎರಡನೆಯ ಅವಕಾಶವಿಲ್ಲ. ದೊರೆ ಕಳೆದುಕೊಂಡದ್ದು ಎಷ್ಟೆಂಬುದನ್ನು ಕಣ್ಣಿಗೆ ಕಾಣಿಸಲು ಆ ಕೋಟೆಯೇ ಬೇಕಿತ್ತು; ರಟ್ಟಿನ ಗೋಡೆಯಿಂದ ಆಗುತ್ತಿರಲಿಲ್ಲ. ಸಾವಿರಕ್ಕೂ ಹೆಚ್ಚು ಸೈನಿಕರ ಉಡುಪುಗಳ ಹಳದಿ, ಕೆಂಪು, ನೀಲಿಗಳು ಯಾವ ಮಗನ ಪಡೆ ಎಲ್ಲಿ ನುಗ್ಗಿತೆಂಬುದನ್ನು ಮಾತಿಲ್ಲದೆ ತಿಳಿಸುತ್ತವೆ. ಇಲ್ಲಿ ಹಣ ಕಥೆಯ ಅಂಗ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಕಾವ್ಯದ ಜೀವ ಔಚಿತ್ಯವೆಂದ. ಒಳ್ಳೆಯ ಒಡವೆಯಾದರೂ ತೊಡಬಾರದ ಕಡೆ ತೊಟ್ಟರೆ ನಗೆಪಾಟಲು. ಚಿತ್ರದ ವೆಚ್ಚಕ್ಕೂ ಇದೇ ನಿಯಮ ಹೊಂದುತ್ತದೆ. ಹಣ ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ ಅದು ತೊಡಬೇಕಾದ ಕಡೆ ತೊಟ್ಟ ಒಡವೆಯೇ ಎಂದು ನೋಡಬೇಕು. ಕುರೊಸಾವಾ ಅವರಲ್ಲಿ ಕಲ್ಪನೆ ಮೊದಲು ಬಂದು ಹಣಕ್ಕಾಗಿ ಕಾಯಿತು. ಚಿಮೀನೊ ಅವರಲ್ಲಿ ಹಣ ಮೊದಲು ಬಂದು, ಕಲ್ಪನೆ ಅದನ್ನು ಖರ್ಚುಮಾಡುವ ದಾರಿ ಹುಡುಕಿತು.

ತನ್ನ ಸ್ವಂತ ಹಣವನ್ನೇ ಪಣಕ್ಕೊಡ್ಡಿದವನ ಮಾತು ಬೇರೆ. ‘ಮೋನ್ ಓಂಕ್ಲ್’ ಚಿತ್ರಕ್ಕೆ ಆಸ್ಕರ್ ಪಡೆದ ಫ್ರಾನ್ಸಿನ ಜಾಕ್ ತಾತಿ, ‘ಪ್ಲೇಟೈಮ್’ (೧೯೬೭) ಎಂಬ ಹಾಸ್ಯಚಿತ್ರಕ್ಕಾಗಿ ಪ್ಯಾರಿಸ್ಸಿನ ಅಂಚಿನಲ್ಲಿ ಗಾಜು ಉಕ್ಕುಗಳ ನಗರವನ್ನೇ ಕಟ್ಟಿಸಿದರು. ಚಿತ್ರ ಸೋತಿತು, ಸಾಲದಲ್ಲಿ ಮುಳುಗಿದ ತಾತಿ ತಮ್ಮ ಹಳೆಯ ಚಿತ್ರಗಳ ಹಕ್ಕನ್ನೂ ಕಳೆದುಕೊಂಡರು. ಇಂದು ಅದು ಮೇರುಕೃತಿಯೆಂದು ಹೆಸರಾಗಿದೆ. ಫ್ರಾನ್ಸಿಸ್ ಕೊಪೊಲಾ ತಮ್ಮ ದ್ರಾಕ್ಷಾರಸದ ವ್ಯಾಪಾರದ ಪಾಲನ್ನು ಮಾರಿ, ಸುಮಾರು ೧೨ ಕೋಟಿ ಡಾಲರು ಸುರಿದು ‘ಮೆಗಲೊಪೊಲಿಸ್’ (೨೦೨೪) ತೆಗೆದರು. ಹಿಂದಿರುಗಿದ್ದು ಅದರ ಎಂಟನೆಯ ಒಂದು ಪಾಲಿನಷ್ಟು. ಅದನ್ನು ಸೋತ ಚಿತ್ರವೆನ್ನಬಹುದು. ಅನ್ಯಾಯವೆನ್ನುವ ಹಕ್ಕು ನಮಗಿಲ್ಲ.

ಅನ್ಯಾಯದ ಪ್ರಶ್ನೆ ಏಳುವುದು ಪರರ ಹಣದಲ್ಲಿ. ಆ ಪರರು ಶ್ರೀಮಂತ ಸಂಸ್ಥೆಯವರಷ್ಟೇ ಎಂದು ತಿಳಿಯಬಾರದು. ‘ಹೆವನ್ಸ್ ಗೇಟ್’ ಅಂದಾಜು ಮೀರಿ ನುಂಗಿದ ಹೆಚ್ಚುವರಿ ಹಣದಲ್ಲೇ, ಮೊದಲು ಒಪ್ಪಿದ ಗಾತ್ರದ ಇನ್ನೆರಡು ಚಿತ್ರಗಳು ಪೂರ್ತಿಯಾಗಿ, ಮೂರನೆಯದರ ಬಹುಪಾಲೂ ಆಗುತ್ತಿತ್ತು. ಆಗದೆಹೋದ ಆ ಚಿತ್ರಗಳ ನಿರ್ದೇಶಕರು ಯಾರೆಂದು ಯಾವ ಚರಿತ್ರೆಯೂ ಬರೆಯುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ನಂಬಿಕೆಯದು. ನಿರ್ದೇಶಕನೇ ಚಿತ್ರದ ಕರ್ತೃ ಎಂದು ಅಮೆರಿಕದ ಸಂಸ್ಥೆಗಳು ಹಿಂದಿನ ಹತ್ತು ವರ್ಷ ಸಡಿಲಬಿಟ್ಟಿದ್ದ ಹಗ್ಗವನ್ನು ೧೯೮೦ರ ಬಳಿಕ ಬಿಗಿಹಿಡಿದವು. ಒಬ್ಬ ಪ್ರಸಿದ್ಧ ಮಾಡಿದ ದುಂದಿನ ದಂಡವನ್ನು ನೂರು ಅಪ್ರಸಿದ್ಧರು ತೆತ್ತರು.

ಇಂದು ಈ ಮಾತಿಗೆ ಹೊಸದೊಂದು ತಿರುವು ಬಂದಿದೆ. ಮಾರ್ಟಿನ್ ಸ್ಕೋರ್ಸೆಸಿ ಅವರ ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’ (೨೦೨೩) ಚಿತ್ರಕ್ಕೆ ಸುಮಾರು ೨೦ ಕೋಟಿ ಡಾಲರು ಹೋಯಿತೆಂದು ವರದಿ. ಕೊಟ್ಟದ್ದು ಆಪಲ್, ಚಿತ್ರೋದ್ಯಮವೇ ಮುಖ್ಯ ಕಸುಬಲ್ಲದ ಕಂಪನಿ. ಚಿತ್ರಮಂದಿರಗಳಿಂದ ಅಷ್ಟು ಹಣ ಮರಳಲಿಲ್ಲ. ಕಂಪನಿಗೆ ಅದರಿಂದ ಕೂದಲೂ ಕೊಂಕಲಿಲ್ಲ. ಓಸೇಜ್ ಎಂಬ ಮೂಲನಿವಾಸಿಗಳ ಎಣ್ಣೆಬಾವಿಯ ಆಸ್ತಿಗಾಗಿ ೧೯೨೦ರ ದಶಕದಲ್ಲಿ ನಡೆದ ಕೊಲೆಗಳ ಕಥೆ ಅದು. ಮೊದಲು ಪತ್ತೇದಾರರ ಸುತ್ತ ಹೆಣೆದಿದ್ದ ಕಥೆಯನ್ನು, ಆ ಜನರೊಡನೆ ಮಾತಾಡಿದ ಮೇಲೆ ಒಂದು ದಾಂಪತ್ಯದ ಸುತ್ತ ಹೊಸದಾಗಿ ಹೆಣೆದರು; ಅವರ ನೆಲದಲ್ಲಿ, ಅವರ ನುಡಿಯನ್ನು ನಟರ ಬಾಯಲ್ಲಿ ಇಟ್ಟು ತೆಗೆದರು. ಹಣ ಇಲ್ಲಿ ಕೇಳಿಸಿಕೊಳ್ಳುವ ಪುರುಸೊತ್ತನ್ನು ಕೊಂಡಿತು. ಆ ಮಟ್ಟಿಗೆ ಸಾರ್ಥಕ. ಆದರೆ ಸೋಲು ಸಾಧಕನನ್ನೂ ಸಾಹುಕಾರನನ್ನೂ ಮುಟ್ಟದ ಕಡೆ, ‘ಈ ಬೀದಿ ಏತಕ್ಕೆ?’ ಎಂದು ಕೇಳುವ ಕೊನೆಯ ಬಾಯಿಯೂ ಮುಚ್ಚಿಹೋಗುವ ಅಪಾಯವಿದೆ.

ಆ ಬಾಯಿ ಇನ್ನು ವಿಮರ್ಶಕನದಾಗಬೇಕು. ಚಿತ್ರಕ್ಕೆ ಇಷ್ಟು ಕೋಟಿ ಖರ್ಚಾಯಿತೆಂದು ಜಾಹೀರಾತು ಸಾರಿದಾಗ ಬೆರಗಾಗುವುದೂ ಬೇಡ, ಮೂಗು ಮುರಿಯುವುದೂ ಬೇಡ. ಈ ಹಣವಿಲ್ಲದೆ ಯಾವ ಅನುಭವ ನಮಗೆ ದಕ್ಕುತ್ತಿರಲಿಲ್ಲ ಎಂದು ಕೇಳಿದರಾಯಿತು. ಪ್ರಸಿದ್ಧರನ್ನು ಕೇಳುವಾಗ ದನಿ ತುಸು ಗಟ್ಟಿಯಾಗಿಯೇ ಇರಲಿ. ಅಪ್ರಸಿದ್ಧರನ್ನು ಸಾಹುಕಾರರು ಹೇಗೂ ದಿನಬೆಳಗಾದರೆ ಕೇಳುತ್ತಲೇ ಇರುತ್ತಾರೆ.